ನರಹುಲಿಯಲ್ಲಿ ನರವೂ ಇಲ್ಲ, ಹುಲಿಯೂ ಇಲ್ಲ

ಪ್ರಶ್ನೆ: ಡಾಕ್ಟ್ರೇ, ನಮ್ಮದು ವಿರಾಜಪೇಟೆ ತಾಲೂಕಿನ ಒಂದು ಹಳ್ಳಿ. ಸಣ್ಣ ಕಾಫಿ ತೋಟ ಇದೆ. ಮಗನಿಗೆ 4 ವರ್ಷ. ಅವನ ಬಲಗೈ ತೋರುಬೆರಳಿನ ತುದಿಯಲ್ಲಿ, ಒಳಬದಿಯ ಮೆತ್ತನೆಯ ಜಾಗದಲ್ಲಿ, ಒಂದೂವರೆ ವರ್ಷದಿಂದ ಸಣ್ಣ ಗಂಟು ಇತ್ತು. ನೋವಿಲ್ಲ, ತುರಿಕೆ ಇಲ್ಲ. ನರಹುಲಿ ಅಂತ ಮುಲಾಮು ಕೊಟ್ಟರು. ಹೋಗಲಿಲ್ಲ. ಕಡಲೆಕಾಳಿನಷ್ಟು ಆದ ಮೇಲೆ ಕಳೆದ ತಿಂಗಳು ತೆಗೆಸಿದೆವು. ಲ್ಯಾಬ್ ರಿಪೋರ್ಟಿನಲ್ಲಿ ‘ಡರ್ಮಲ್ ನರ್ವ್ ಶೀತ್ ಮಿಕ್ಸೋಮಾ, ಬಿನೈನ್, ಗೆಡ್ಡೆ ಅಂಚಿನವರೆಗೂ ಇದೆ’ ಅಂತ ಬಂದಿದೆ. ತೆಗೆದ ಡಾಕ್ಟರೇ ‘ನಾನೂ ಇದನ್ನು ಮೊದಲ ಸಲ ನೋಡ್ತಿದ್ದೇನೆ’ ಅಂದರು. ‘ನರಕ್ಕೆ ಕೈ ಹಾಕಿಸಿದ್ರಿ, ಇನ್ನು ಮಗುವಿನ ಬೆರಳು ಬರಲ್ಲ’ ಅಂತ ಅತ್ತೆ ಅಳುತ್ತಿದ್ದಾರೆ. ಇದು ಕ್ಯಾನ್ಸರಾ? ಮತ್ತೆ ಬರುತ್ತಾ? ಮತ್ತೆ ಕೊಯ್ಯಿಸಬೇಕಾ? ನಾನೀಗ 5 ತಿಂಗಳ ಬಸುರಿ. ಹುಟ್ಟುವ ಮಗುವಿಗೂ ಬರುತ್ತಾ? ಮಳೆ ಬೇರೆ ಹಿಡಿದಿದೆ. ಈಗಲೇ ಬೆಂಗಳೂರಿಗೆ ಓಡಬೇಕಾ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡ್ತೀನಿ. ಓಡಬೇಡಿ. ಇದು ಕ್ಯಾನ್ಸರ್ ಅಲ್ಲ, ರಿಪೋರ್ಟಿನ ‘ಬಿನೈನ್’ ಅನ್ನೋ ಮಾತಿಗೆ ಅದೇ ಅರ್ಥ. ಈ ಮಳೆಯಲ್ಲಿ ಹೊಟ್ಟೆಯಲ್ಲೊಂದು, ಕಂಕುಳಲ್ಲೊಂದು ಮಗು ಇಟ್ಟುಕೊಂಡು ಘಾಟಿ ಇಳಿದು ಬರುವಂಥ ಅವಸರ ಇದರಲ್ಲಿ ಇಲ್ಲ. ಒಂದು ಕೆಲಸ ಮಾತ್ರ ಈಗಲೇ ಆಗಬೇಕು. ಅದಕ್ಕೆ ನೀವೂ ಬೇಡ, ಮಗುವೂ ಬೇಡ, ನಿಮ್ಮ ಯಜಮಾನರು ಒಂದು ದಿನ ಬಿಡುವು ಮಾಡಿಕೊಂಡರೆ ಸಾಕು. ಅದೇನು ಅಂತ ಆಮೇಲೆ ಹೇಳ್ತೀನಿ. ಅದು ಅರ್ಥ ಆಗಬೇಕಾದರೆ ಈ ಗಂಟು ಏನು ಅನ್ನೋದು ಮೊದಲು ಗೊತ್ತಾಗಬೇಕು.

ಅತ್ತೆಯವರ ಭಯದಿಂದ ಶುರು ಮಾಡೋಣ. ಅವರು ಸುಮ್ನೆ ಹೆದರಿಲ್ಲ. ಕನ್ನಡದಲ್ಲಿ ‘ನರ’ ಅನ್ನೋ ಪದ ಬಹಳ ಕೆಲಸ ಮಾಡುತ್ತದೆ. ಡ್ರಿಪ್ ಹಾಕುವಾಗ ನರ್ಸ್ ‘ನರ ಸಿಗ್ತಿಲ್ಲ’ ಅಂತಾರೆ. ಅದು ರಕ್ತನಾಳ. ಕಾಲು ಉಳುಕಿದರೆ ‘ನರ ಹಿಡ್ಕೊಂಡಿದೆ’ ಅಂತೀವಿ. ಅಲ್ಲಿ ಹಿಡ್ಕೊಂಡಿರೋದು ಮಾಂಸಖಂಡವೋ ಅದನ್ನು ಮೂಳೆಗೆ ಕಟ್ಟಿರುವ ಹುರಿಯೋ ಆಗಿರುತ್ತದೆ. ಇನ್ನು ನರಹುಲಿ. ಹೆಸರಿನಲ್ಲಿ ನರ ಇದೆ, ಹುಲಿಯೂ ಇದೆ. ನಿಜವಾಗಿ ಎರಡೂ ಇಲ್ಲ. ಅದು ಚರ್ಮದ ಮೇಲ್ಪದರಕ್ಕೆ ಒಂದು ವೈರಸ್ ಹೊಕ್ಕು ಬೆಳೆಸಿದ ಗಂಟು, ಅಷ್ಟೇ. ಹೀಗಾಗಿ ‘ನರದ ಗೆಡ್ಡೆ ತೆಗೆದರು’ ಅಂದ ಕೂಡಲೇ ಹಿರಿಯರಿಗೆ ಕೈಯನ್ನು ಆಡಿಸುವ ದೊಡ್ಡ ಹಗ್ಗವನ್ನೇ ಕತ್ತರಿಸಿದ ಹಾಗೆ ಕೇಳಿಸುತ್ತದೆ.

ಡಾಕ್ಟರುಗಳು ನರ ಅನ್ನೋದು ಮಿದುಳು, ಬೆನ್ನುಹುರಿಯಿಂದ ಹೊರಟು ಸುದ್ದಿ ಒಯ್ಯುವ ತಂತಿಗೆ. ದೊಡ್ಡ ತಂತಿ ಕವಲಾಗುತ್ತಾ ಹೋಗಿ ಚರ್ಮಕ್ಕೆ ಬರುವ ಹೊತ್ತಿಗೆ ಕೂದಲಿಗಿಂತ ಸಣ್ಣದಾಗಿರುತ್ತದೆ. ಬೆರಳ ತುದಿಯಲ್ಲಿ ಇಂಥವು ಲೆಕ್ಕವಿಲ್ಲದಷ್ಟು ಇವೆ. ಅದಕ್ಕೇ ಕಣ್ಣು ಮುಚ್ಚಿಕೊಂಡೂ ಕಾಫಿ ಹಣ್ಣಾಗಿದೆಯೋ ಇಲ್ಲವೋ ಅಂತ ಹಿಸುಕಿ ಹೇಳಬಹುದು. ಈ ತಂತಿಗಳಿಗೆ ಹೊದಿಕೆ ಇದೆ. ನಿಮ್ಮ ತೋಟದ ಬೀಜವನ್ನೇ ನೆನಪಿಸಿಕೊಳ್ಳಿ. ಹೊರಗೆ ಕೆಂಪು ಸಿಪ್ಪೆ, ಒಳಗೆ ಲೋಳೆ, ಅದರೊಳಗೆ ಪಾರ್ಚ್‌ಮೆಂಟ್ ಅನ್ನೋ ಗಟ್ಟಿ ಹೊಟ್ಟು, ಇನ್ನೂ ಒಳಗೆ ಬೆಳ್ಳಿಯಂಥ ತೆಳು ಪೊರೆ, ಆಮೇಲೆ ಬೀಜ. ನರಕ್ಕೂ ಹೀಗೇ ಪದರ ಪದರವಾಗಿ ಹೊದಿಕೆ. ತೀರಾ ಒಳಗಿನ ಹೊದಿಕೆ ಮಾಡುವ ಜೀವಕೋಶಕ್ಕೆ ಶ್ವಾನ್ ಕೋಶ ಅಂತ ಹೆಸರು, 19ನೇ ಶತಮಾನದ ಜರ್ಮನ್ ವಿಜ್ಞಾನಿ ಥಿಯೊಡೋರ್ ಶ್ವಾನ್ ನೆನಪಿಗೆ. ಅವು ತಂತಿಯನ್ನು ಸುತ್ತಿಕೊಂಡು ಕಾಪಾಡುತ್ತವೆ.

ನಿಮ್ಮ ಮಗನ ಬೆರಳಲ್ಲಿ ಬೆಳೆದದ್ದು ಈ ಹೊದಿಕೆಯ ಕೋಶ. ಸುದ್ದಿ ಒಯ್ಯುವ ತಂತಿ ಅಲ್ಲ. ಚರ್ಮದ ಒಂದು ಸಣ್ಣ ನರದ ಮೇಲಿನ ಶ್ವಾನ್ ಕೋಶಗಳು ತಮ್ಮ ಪಾಡಿಗೆ ನಿಧಾನವಾಗಿ ಹೆಚ್ಚಾಗಿವೆ. ಹೆಚ್ಚಾಗುವಾಗ ಸುತ್ತಲೂ ಲೋಳೆ ಸುರಿಸಿಕೊಂಡಿವೆ. ರಿಪೋರ್ಟಿನ ‘ಡರ್ಮಲ್’ ಅಂದರೆ ಚರ್ಮದ, ‘ನರ್ವ್ ಶೀತ್’ ಅಂದರೆ ನರದ ಹೊದಿಕೆ, ‘ಮಿಕ್ಸೋಮಾ’ ಅಂದರೆ ಲೋಳೆಗೆಡ್ಡೆ. ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರದಿಂದ ಈಗತಾನೇ ಬಂದ ಬೀಜವನ್ನು ಕೈಯಲ್ಲಿ ಹಿಡಿದರೆ ಜಾರುತ್ತಲ್ವಾ, ಆ ಗೆಡ್ಡೆಯನ್ನು ಕುಯ್ದಾಗ ಒಳಗೆ ಸಿಗುವುದು ಹೆಚ್ಚುಕಡಿಮೆ ಅಂಥದ್ದೇ ಪದಾರ್ಥ. ಸೂಕ್ಷ್ಮದರ್ಶಕದ ಕೆಳಗೆ ನೋಡಿದರೆ ಚರ್ಮದ ಒಳಪದರದಲ್ಲಿ ಲೋಳೆ ತುಂಬಿದ ಚಿಕ್ಕ ಚಿಕ್ಕ ಗುಳ್ಳೆಗಳ ಗೊಂಚಲು ಕಾಣುತ್ತದೆ. ಪ್ರತಿ ಗುಳ್ಳೆಗೂ ನಾರಿನ ಬೇಲಿ. ಒಳಗೆ ಅಲ್ಲಲ್ಲಿ ಸಾಲಾಗಿ, ಗುಂಪಾಗಿ ಶ್ವಾನ್ ಕೋಶಗಳು.

ಇದನ್ನು ಮೊದಲು ಬೇರೆಯಾಗಿ ಗುರುತಿಸಿದ್ದು 1969ರಲ್ಲಿ, ಹಾರ್ಕಿನ್ ಮತ್ತು ರೀಡ್ ಅನ್ನೋ ಇಬ್ಬರು ರೋಗಶಾಸ್ತ್ರಜ್ಞರು. ಅಲ್ಲಿಂದ 11 ವರ್ಷಕ್ಕೆ, 1980ರಲ್ಲಿ, ಗ್ಯಾಲಗರ್ ಮತ್ತು ಹೆಲ್ವಿಗ್ ಅನ್ನೋ ಇನ್ನಿಬ್ಬರು ಇದೇ ರೀತಿ ಕಾಣುವ ಗೆಡ್ಡೆಗಳಿಗೆ ‘ನ್ಯೂರೋಥೀಕಿಯೋಮಾ’ ಅಂತ ಹೆಸರಿಟ್ಟರು. ಗ್ರೀಕ್ ಭಾಷೆಯಲ್ಲಿ ‘ಥೀಕೆ’ ಅಂದರೆ ಒರೆ, ಚೀಲ. ನರದ ಒರೆಯ ಗೆಡ್ಡೆ ಅಂತ ಅರ್ಥ. ಎರಡೂ ಒಂದೇ ಕುಟುಂಬ ಅಂತ ವರ್ಷಗಟ್ಟಲೆ ನಂಬಿದ್ದೆವು. ನನಗೆ ಕಲಿಸಿದ ಪುಸ್ತಕದಲ್ಲೂ ಹಾಗೇ ಇತ್ತು. ಆಮೇಲೆ ಕೋಶಗಳ ಗುರುತು ಹಿಡಿಯುವ ವಿಶೇಷ ಬಣ್ಣದ ಪರೀಕ್ಷೆಗಳು ಬಂದವು. ಶ್ವಾನ್ ಕೋಶದಲ್ಲಿ ಎಸ್-100 ಅನ್ನೋ ಪ್ರೋಟೀನ್ ಇರುತ್ತದೆ, ಆ ಬಣ್ಣ ಹಾಕಿದರೆ ಗಾಢವಾಗಿ ಹಿಡಿಯುತ್ತದೆ. ನರ್ವ್ ಶೀತ್ ಮಿಕ್ಸೋಮಾಗೆ ಹಿಡಿಯಿತು. ಕೋಶಗಳು ಒತ್ತೊತ್ತಾಗಿ ತುಂಬಿರುವ ನ್ಯೂರೋಥೀಕಿಯೋಮಾಗೆ ಹಿಡಿಯಲಿಲ್ಲ. ಅಂದರೆ ಎರಡನೆಯದಕ್ಕೂ ನರಕ್ಕೂ ನಂಟೇ ಇಲ್ಲ, ಹೆಸರು ಮಾತ್ರ ಅಂಟಿಕೊಂಡಿದೆ. ಡಾಕ್ಟರುಗಳಿಗೂ ಒಂದು ನರಹುಲಿ ಸಿಕ್ಕಿತು ಅನ್ನಿ.

ಈ ಹಳೇ ಕಥೆ ನಿಮಗೇಕೆ ಅಂದರೆ, ನೀವು ಮೊಬೈಲಿನಲ್ಲಿ ಹುಡುಕಿಯೇ ಇರ್ತೀರಿ. ಎರಡು ಹೆಸರೂ ಕಲಸಿಕೊಂಡು ಬಂದಿರುತ್ತವೆ. ಒಂದು ಕಡೆ ‘ಮುಖ, ಕತ್ತಿನಲ್ಲಿ ಬರುತ್ತೆ, ಚಿಕ್ಕವರಲ್ಲಿ ಜಾಸ್ತಿ’ ಅಂತ ಇರುತ್ತದೆ. ಅದು ನ್ಯೂರೋಥೀಕಿಯೋಮಾ. ಇನ್ನೊಂದು ಕಡೆ ‘ಕೈಕಾಲು, ಅದರಲ್ಲೂ ಬೆರಳು, ಮೊಣಕಾಲು’ ಅಂತ ಇರುತ್ತದೆ. ಅದು ನಿಮ್ಮ ರಿಪೋರ್ಟಿನದು. ಒಂದರ ಮಾತನ್ನು ಇನ್ನೊಂದಕ್ಕೆ ಹಚ್ಚಿಕೊಂಡು ರಾತ್ರಿ ನಿದ್ದೆ ಕೆಡಿಸಿಕೊಳ್ಳಬೇಡಿ.

ಮತ್ತೆ ಬರುತ್ತಾ ಅಂತ ಕೇಳಿದ್ದೀರಿ. ಇದನ್ನು ಮುಚ್ಚಿಟ್ಟು ಹೇಳುವುದಿಲ್ಲ. ಬರಬಹುದು. 2005ರಲ್ಲಿ ಅಮೆರಿಕದ ಸೇನಾ ರೋಗಶಾಸ್ತ್ರ ಸಂಸ್ಥೆಯವರು ಇಂಥ 57 ಗೆಡ್ಡೆಗಳನ್ನು ಒಟ್ಟಿಗೆ ಇಟ್ಟುಕೊಂಡು ನೋಡಿದರು. ಅಷ್ಟು ದೊಡ್ಡ ಸಂಸ್ಥೆಯ ಸಂಗ್ರಹದಲ್ಲಿ ಸಿಕ್ಕಿದ್ದೇ 57 ಅಂದರೆ ಎಷ್ಟು ಅಪರೂಪ ಅಂತ ಲೆಕ್ಕ ಹಾಕಿ. ನಿಮ್ಮ ಡಾಕ್ಟರು ‘ಮೊದಲ ಸಲ ನೋಡ್ತಿದ್ದೇನೆ’ ಅಂದದ್ದರಲ್ಲಿ ತಪ್ಪೇನಿಲ್ಲ. ಹಾಗೆ ಬಾಯಿಬಿಟ್ಟು ಹೇಳುವ ಡಾಕ್ಟರನ್ನು ಬಿಡಬೇಡಿ. ಆ 57ರಲ್ಲಿ ಹೆಚ್ಚಿನವು ಕೈಕಾಲಿನಲ್ಲಿದ್ದವು, ಬೆರಳಿನದು ಎಲ್ಲಕ್ಕಿಂತ ಜಾಸ್ತಿ. ವಯಸ್ಸಿನಲ್ಲಿ 30ರಿಂದ 40ರ ಒಳಗಿನವರು ಹೆಚ್ಚು. 4 ವರ್ಷದ ಮಗುವಿನಲ್ಲಿ ಕಾಣಿಸಿದ್ದು ಅಪರೂಪದಲ್ಲೂ ಅಪರೂಪ. ಮುಂದೆ ಏನಾಯಿತು ಅಂತ ವಿಚಾರಿಸಲು ಸಿಕ್ಕವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ ಅದೇ ಜಾಗದಲ್ಲಿ ಗೆಡ್ಡೆ ಮತ್ತೆ ಬಂದಿತ್ತು.

ಅರ್ಧ ಅಂದ ಕೂಡಲೇ ಎದೆ ಧಸಕ್ ಅನ್ನಬಹುದು. ಆದರೆ ‘ಮತ್ತೆ ಬರುವುದು’ ಬೇರೆ, ‘ಹರಡುವುದು’ ಬೇರೆ. ಕ್ಯಾನ್ಸರ್ ಹರಡುತ್ತದೆ. ಶ್ವಾಸಕೋಶಕ್ಕೋ ಮೂಳೆಗೋ ಹೋಗಿ ಕೂರುತ್ತದೆ. ಇದು ಬೆರಳು ಬಿಟ್ಟು ಕದಲುವ ಜಾತಿ ಅಲ್ಲ. ಮತ್ತೆ ಬರುವುದು ಯಾಕೆಂದರೆ ಮೊದಲ ಸಲ ಅಷ್ಟಿಷ್ಟು ಉಳಿದುಹೋಗಿರುತ್ತದೆ. ಗೊಂಚಲು ಅಂದೆನಲ್ಲ, ದೊಡ್ಡ ಗುಳ್ಳೆಗಳು ಸರ್ಜನ್ ಕಣ್ಣಿಗೆ ಕಾಣುತ್ತವೆ. ಸಾಸಿವೆಯಷ್ಟು ಚಿಕ್ಕವು ಪಕ್ಕದ ಕೊಬ್ಬಿನಲ್ಲಿ ಅಡಗಿರುತ್ತವೆ. ತೋಟದ ಅಂಚಿನಲ್ಲಿ ಕೆಸು ಕಿತ್ತು ನೋಡಿದ್ದೀರಿ. ತಾಯಿಗೆಡ್ಡೆ ಕೈಗೆ ಬರುತ್ತದೆ, ಮರಿಗೆಡ್ಡೆ ಮಣ್ಣಿನಲ್ಲೇ ಉಳಿಯುತ್ತದೆ, ಮುಂದಿನ ಮಳೆಗೆ ಎಲೆ ಬಿಡುತ್ತದೆ. ಇದೂ ಹಾಗೇ. ರಿಪೋರ್ಟಿನ ‘ಗೆಡ್ಡೆ ಅಂಚಿನವರೆಗೂ ಇದೆ’ ಅನ್ನುವ ಮಾತಿಗೆ ಇಷ್ಟೇ ಅರ್ಥ: ತೆಗೆದ ತುಂಡಿನ ಅಂಚಿಗೆ ಗೆಡ್ಡೆಯ ಕೋಶ ತಾಗಿಕೊಂಡಿದೆ, ಹಾಗಾಗಿ ಬೆರಳಿನಲ್ಲಿ ಮರಿಗೆಡ್ಡೆ ಉಳಿದಿರಬಹುದು.

ಹಾಗಾದರೆ ಮತ್ತೆ ಕೊಯ್ಯಿಸಬೇಕಾ? ಇಲ್ಲಿ ಡಾಕ್ಟರುಗಳಲ್ಲೇ ಎರಡು ಪಕ್ಷ ಇದೆ. ಬರುವ ಸಾಧ್ಯತೆ ಜಾಸ್ತಿ ಇರುವುದರಿಂದ ಈಗಲೇ ಇನ್ನಷ್ಟು ಅಗಲ ತೆಗೆದು ಮುಗಿಸಿಬಿಡಿ ಅನ್ನುವವರು ಒಂದು ಕಡೆ. ಬಂದಾಗ ನೋಡೋಣ ಅನ್ನುವವರು ಇನ್ನೊಂದು ಕಡೆ. ಬೆನ್ನಿನ ಮೇಲೋ ತೊಡೆಯ ಮೇಲೋ ಆಗಿದ್ದರೆ ನಾನು ಮೊದಲ ಪಕ್ಷ. ಅಲ್ಲಿ ಚರ್ಮ ಧಾರಾಳವಾಗಿದೆ. 4 ವರ್ಷದ ಮಗುವಿನ ತೋರುಬೆರಳ ತುದಿ ಅಂದರೆ ಜಾಗ ಎಷ್ಟಿರುತ್ತದೆ? ಎರಡೂ ಪಕ್ಕದಲ್ಲಿ ಒಂದೊಂದು ನರ, ಅದರ ಜೊತೆಗೇ ರಕ್ತನಾಳ, ತುದಿಗೆ ಬಂದು ಎರಡೂ ಕವಲೊಡೆಯುತ್ತವೆ. ನಿಜವಾದ, ಸುದ್ದಿ ಒಯ್ಯುವ ನರಗಳು ಇವು. ಇನ್ನು ಒಂದೆರಡು ವರ್ಷಕ್ಕೆ ಅವನು ಪೆನ್ಸಿಲ್ ಹಿಡಿಯುವುದು ಇದೇ ಬೆರಳಿನಲ್ಲಿ. ಕಣ್ಣಿಗೆ ಕಾಣದ, ಕೈಗೆ ಸಿಗದ ಒಂದು ಉಳಿಕೆಗಾಗಿ, ಅದೂ ಪ್ರಾಣಕ್ಕೆ ಕುತ್ತು ತರದ ಉಳಿಕೆಗಾಗಿ, ಅಲ್ಲಿ ಅಗಲವಾಗಿ ಕೊಯ್ಯಲು ನನಗೆ ಮನಸ್ಸು ಬರುವುದಿಲ್ಲ. ಗಾಯ ಮಾಗಲಿ. ಗಂಟು ಕೈಗೆ ಸಿಕ್ಕರೆ, ಬೆಳೆಯುತ್ತಿದ್ದರೆ, ಆಗ ಕೈ ಶಸ್ತ್ರಚಿಕಿತ್ಸೆಯಲ್ಲಿ ಪಳಗಿದ ಸರ್ಜನ್ ಹತ್ತಿರ, ಕಣ್ಣಿಗೆ ಭೂತಗನ್ನಡಿ ಹಾಕಿಕೊಂಡು ಕೆಲಸ ಮಾಡುವವರ ಹತ್ತಿರ, ಒಂದೇ ಸಲಕ್ಕೆ ಪೂರ್ತಿ ತೆಗೆಸಿ. ಇದು ಬೆರಳು ನೋಡದೆ ಹೇಳುತ್ತಿರುವ ಒಲವು. ಬೆರಳನ್ನು ಮುಟ್ಟಿ ನೋಡಿದ ಸರ್ಜನ್ ಬೇರೆ ಹೇಳಿದರೆ, ಯಾಕೆ ಅಂತ ಕೇಳಿ ತಿಳಿದುಕೊಂಡು ಅವರ ಮಾತನ್ನೇ ಕೇಳಿ.

ಈಗ ಆ ಒಂದು ಕೆಲಸ. ಬ್ಲಾಕ್ ತರಿಸಿಕೊಳ್ಳಿ.

ಬೆರಳಿನಿಂದ ತೆಗೆದ ತುಂಡನ್ನು, ಕೆಡದ ಹಾಗೆ, ಫಾರ್ಮಲಿನ್ ಅನ್ನೋ ದ್ರವದಲ್ಲಿ ಹಾಕಿ ಲ್ಯಾಬಿಗೆ ಕಳಿಸುತ್ತಾರೆ. ಅಲ್ಲಿ ಅದನ್ನು ಮೇಣದಲ್ಲಿ ಅಚ್ಚು ಹಾಕುತ್ತಾರೆ. ಬೆಂಕಿಪೊಟ್ಟಣಕ್ಕಿಂತ ಚಿಕ್ಕ ಪ್ಲಾಸ್ಟಿಕ್ ಚೌಕಟ್ಟಿನ ಮೇಲೆ ಬಿಳಿ ಮೇಣ, ಅದರೊಳಗೆ ನಿಮ್ಮ ಮಗನ ಗಂಟಿನ ಚೂರು. ಅದೇ ಬ್ಲಾಕ್. ಅದರಿಂದ ಒಂದು ಮಿಲಿಮೀಟರಿನ ಇನ್ನೂರರಲ್ಲಿ ಒಂದು ಪಾಲಿನಷ್ಟು ತೆಳುವಾದ ಹಾಳೆ ಕತ್ತರಿಸಿ, ಗಾಜಿನ ಮೇಲೆ ಅಂಟಿಸಿ, ಬಣ್ಣ ಹಾಕಿ ನೋಡುತ್ತಾರೆ. ಆ ಗಾಜೇ ಸ್ಲೈಡ್. ಬ್ಲಾಕ್ ವರ್ಷಗಟ್ಟಲೆ ಕೆಡುವುದಿಲ್ಲ. ಆದರೆ ಲ್ಯಾಬಿನವರು ಅದನ್ನು ಎಂದೆಂದಿಗೂ ಇಟ್ಟುಕೊಂಡಿರುವುದಿಲ್ಲ. ನಾಳೆ ಗಂಟು ಮತ್ತೆ ಬಂದಾಗ ಹೊಸ ಡಾಕ್ಟರು ಮೊದಲು ಕೇಳುವುದು ‘ಹಳೇ ಬ್ಲಾಕ್ ಇದೆಯಾ’ ಅಂತ. ನಮ್ಮ ಜನ ರಿಪೋರ್ಟನ್ನು ಜೋಪಾನವಾಗಿ ಲ್ಯಾಮಿನೇಟ್ ಮಾಡಿಸಿ ಇಟ್ಟಿರುತ್ತಾರೆ, ಬ್ಲಾಕ್ ಅನ್ನೋದು ಒಂದಿದೆ ಅಂತಲೇ ಗೊತ್ತಿರುವುದಿಲ್ಲ.

ಯಜಮಾನರು ರಿಪೋರ್ಟ್ ಹಿಡಿದುಕೊಂಡು ಆ ಲ್ಯಾಬಿಗೆ ಹೋಗಿ, ‘ಇನ್ನೊಬ್ಬ ತಜ್ಞರ ಅಭಿಪ್ರಾಯಕ್ಕೆ ಬ್ಲಾಕ್ ಮತ್ತು ಸ್ಲೈಡ್ ಬೇಕು’ ಅಂತ ಒಂದು ಅರ್ಜಿ ಬರೆದುಕೊಡಲಿ. ಸಹಿ ಹಾಕಿಸಿಕೊಂಡು ಕೊಡುತ್ತಾರೆ. ಅದನ್ನು ತೆಗೆದುಕೊಂಡು ಮಡಿಕೇರಿಯ ಸರ್ಕಾರಿ ಮೆಡಿಕಲ್ ಕಾಲೇಜಿನಲ್ಲೋ, ಮೈಸೂರು ಅಥವಾ ಮಂಗಳೂರಿನ ಯಾವುದಾದರೂ ಮೆಡಿಕಲ್ ಕಾಲೇಜಿನ ಪೆಥಾಲಜಿ (ರೋಗಶಾಸ್ತ್ರ) ವಿಭಾಗದಲ್ಲೋ ತೋರಿಸಲಿ. ಕೇಳಬೇಕಾದ್ದು ಎರಡೇ ವಿಷಯ. ಎಸ್-100 ಬಣ್ಣದ ಪರೀಕ್ಷೆ ಆಗಿದೆಯಾ, ಆಗಿರದಿದ್ದರೆ ಮಾಡಿ. ಗೆಡ್ಡೆ ಯಾವ ಅಂಚಿಗೆ ತಾಗಿದೆ, ಪಕ್ಕದ ಅಂಚಿಗಾ, ತಳಕ್ಕಾ? ಎಲ್ಲ ಊರಿನ ಲ್ಯಾಬಿನಲ್ಲೂ ಆ ಬಣ್ಣದ ಪರೀಕ್ಷೆಗಳು ಇರುವುದಿಲ್ಲ. ಅದಕ್ಕೇ ದೊಡ್ಡ ಕಾಲೇಜು ಅಂದೆ. ಮೇಣ ಬಿಸಿಲಿಗೆ ಕರಗುತ್ತದೆ. ಕೊಡಗಿನ ಜೂನ್ ತಿಂಗಳಿನಲ್ಲಿ ಆ ಚಿಂತೆ ಇಲ್ಲ ಬಿಡಿ, ಆದರೂ ಜೀಪಿನ ಡ್ಯಾಶ್‌ಬೋರ್ಡಿನ ಮೇಲೆ ಇಡಬೇಡಿ.

ಎರಡನೇ ಕಣ್ಣು ಯಾಕೆ ಬೇಕು? ಮೊದಲು ನೋಡಿದವರ ಮೇಲೆ ಅನುಮಾನ ಅಂತಲ್ಲ. ಲೋಳೆ ತುಂಬಿದ ಗೆಡ್ಡೆಗಳ ಪಂಗಡ ದೊಡ್ಡದು, ಒಂದಕ್ಕೊಂದು ಹೋಲುತ್ತವೆ. ಬಹುಪಾಲು ಪಾಪದವು, ಅಲ್ಲೊಂದು ಇಲ್ಲೊಂದು ಕೆಟ್ಟದ್ದೂ ಇದೆ. ನಿಧಾನವಾಗಿ ಬೆಳೆದ, ನೋವಿಲ್ಲದ, ಕಡಲೆಕಾಳಿನಷ್ಟು ಗಂಟು ಅಂದಾಗಲೇ ಮುಕ್ಕಾಲು ಧೈರ್ಯ ಬರುತ್ತದೆ. ಉಳಿದ ಕಾಲು ಭಾಗವನ್ನು ಎಸ್-100 ತುಂಬಿಕೊಡುತ್ತದೆ. ಅದು ಹಿಡಿಯದೇ ಹೋದರೆ ಹೆಸರು ಬದಲಾಗಬಹುದು, ಮರಳಿ ಬರುವ ಲೆಕ್ಕವೂ ಬದಲಾಗಬಹುದು. ಹಾಗಾಗಿ ಮತ್ತೆ ಕೊಯ್ಯಬೇಕೋ ಬೇಡವೋ ಅನ್ನುವುದನ್ನು ಬ್ಲಾಕಿನ ಉತ್ತರ ಬರುವ ತನಕ ಯಾರೂ ತೀರ್ಮಾನ ಮಾಡಬಾರದು.

ನನ್ನದೇ ಒಂದು ತಪ್ಪು ಹೇಳ್ತೀನಿ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬ ಹುಡುಗಿಯ ಹೆಬ್ಬೆರಳಿನ ಗಂಟನ್ನು ನರಹುಲಿ ಅಂತ ತೆಗೆದು ಕಸದ ಬುಟ್ಟಿಗೆ ಹಾಕಿದ್ದೆ. ಲ್ಯಾಬಿಗೆ ಕಳಿಸಲಿಲ್ಲ. ಆ ತಾಯಿಗೆ 300 ರೂಪಾಯಿ ಉಳಿಸಿದೆ ಅನ್ನೋ ಸಮಾಧಾನ ಬೇರೆ. ಎರಡು ವರ್ಷಕ್ಕೆ ಗಂಟು ವಾಪಸ್ ಬಂತು, ಈ ಸಲ ಎರಡರಷ್ಟು. ಮೊದಲನೆಯದು ಏನಾಗಿತ್ತು ಅಂತ ಕೇಳಿದರೆ ಹೇಳಲು ನನ್ನ ಬಳಿ ಏನೂ ಇರಲಿಲ್ಲ. ಕೊನೆಗೆ ಅದು ಅಪಾಯದ್ದೇನೂ ಆಗಿರಲಿಲ್ಲ, ಆದರೆ ಉತ್ತರ ಬರುವ ತನಕದ ಆ ಹತ್ತು ದಿನ ತಾಯಿಯೂ ನಿದ್ದೆ ಮಾಡಲಿಲ್ಲ, ನಾನೂ ಮಾಡಲಿಲ್ಲ. ಅಂದಿನಿಂದ ನನ್ನ ಕೈಯಿಂದ ತೆಗೆದ ಗಂಟು, ಸಾಸಿವೆಯಷ್ಟಿದ್ದರೂ, ಲ್ಯಾಬಿಗೆ ಹೋಗದೆ ಇಲ್ಲ. ನಿಮ್ಮ ಡಾಕ್ಟರು ಕಳಿಸಿದರಲ್ಲ, ಅದಕ್ಕೇ ಇವತ್ತು ನಿಮ್ಮ ಕೈಯಲ್ಲಿ ಒಂದು ಹೆಸರಾದರೂ ಇದೆ. ಮೊದಲು ನರಹುಲಿ ಅಂದದ್ದಕ್ಕೆ ಯಾರನ್ನೂ ಬೈಯಬೇಡಿ. ಮಕ್ಕಳ ಬೆರಳಿನ ಗಂಟು ಹೆಚ್ಚಿನ ಸಲ ನರಹುಲಿಯೇ ಆಗಿರುತ್ತದೆ. ಇಲ್ಲದಿದ್ದರೆ ಒಳಗೆ ಮುರಿದು ಉಳಿದ ಮುಳ್ಳಿನ ಸುತ್ತ ಕಟ್ಟಿದ ಗಂಟು. ತೋಟದಲ್ಲಿ ಬರಿಗಾಲು ಬರಿಗೈಲಿ ಆಡುವ ಮಕ್ಕಳಲ್ಲಿ ಅದನ್ನಂತೂ ಎಷ್ಟು ನೋಡಿದ್ದೀನೋ.

ಒಂದು ಮಾತು ಮಾತ್ರ ಉಳಿದ ತಾಯಂದಿರಿಗೂ ಸೇರಿಸಿ ಹೇಳಬೇಕು. ಗಂಟಿಗೆ ಸುಣ್ಣ-ಸೋಪು ಕಲಸಿ ಹಚ್ಚುವುದು, ಗೇರೆಣ್ಣೆ ಮುಟ್ಟಿಸುವುದು, ಕೂದಲು ಬಿಗಿದು ಕಟ್ಟುವುದು ಬೇಡ. ಮೇಲಿನ ಚರ್ಮ ಸುಡುತ್ತದೆ, ಒಳಗಿನ ಗೆಡ್ಡೆಗೆ ಏನೂ ಆಗುವುದಿಲ್ಲ. ಸುಟ್ಟ ಕಲೆಯ ನಡುವೆ ಗೆಡ್ಡೆಯ ಅಂಚು ಹುಡುಕುವುದು ಸರ್ಜನ್‌ಗೆ ಕಷ್ಟ.

ಇನ್ನು ಹೊಟ್ಟೆಯಲ್ಲಿರುವ ಮಗುವಿನ ವಿಷಯ. ನರ್ವ್ ಶೀತ್ ಮಿಕ್ಸೋಮಾ ಒಂಟಿಯಾಗಿ ಬರುವಂಥದ್ದು. ತಂದೆ ತಾಯಿಯಿಂದ ಇಳಿದು ಬರುವ ಕಾಯಿಲೆ ಅಲ್ಲ. ನೀವು ಬಸುರಿಯಲ್ಲಿ ತಿಂದದ್ದು, ಗ್ರಹಣ ನೋಡಿದ್ದು, ತೋಟಕ್ಕೆ ಔಷಧಿ ಹೊಡೆದದ್ದು, ಯಾವುದನ್ನೂ ಇದಕ್ಕೆ ಗಂಟು ಹಾಕಬೇಡಿ. ಆದರೆ ನರದ ಹೊದಿಕೆಯ ಗೆಡ್ಡೆ ಅಂತ ಯಾವ ಮಗುವಿನಲ್ಲಿ ಬಂದರೂ ನಾವು ಒಂದು ಸಲ ಬಟ್ಟೆ ಬಿಚ್ಚಿಸಿ ಇಡೀ ಮೈ ನೋಡುತ್ತೇವೆ. ಕಾರಣ, ಇದರ ದೂರದ ನೆಂಟ ಒಂದಿದೆ. ನ್ಯೂರೋಫೈಬ್ರೊಮಟೋಸಿಸ್ ಒಂದನೇ ಬಗೆ ಅಂತ, ಸುಮಾರು 3000 ಮಕ್ಕಳಲ್ಲಿ ಒಬ್ಬರಿಗೆ ಬರುತ್ತದೆ. 17ನೇ ವರ್ಣತಂತುವಿನ ಒಂದು ಜೀನ್ ಕೆಟ್ಟಿರುತ್ತದೆ. ಅದರಲ್ಲಿ ಅರ್ಧದಷ್ಟು ಮಂದಿಗೆ ಮನೆತನದಲ್ಲಿ ಯಾರಿಗೂ ಇರುವುದಿಲ್ಲ, ಹೊಸದಾಗಿಯೇ ಆಗಿರುತ್ತದೆ. ಮೈತುಂಬ ನರದ ಗಂಟುಗಳಾಗುವುದು ಆ ಕಾಯಿಲೆಯಲ್ಲಿ. ಅದೂ ಹೆಚ್ಚಾಗಿ ಹರೆಯಕ್ಕೆ ಬಂದ ಮೇಲೆ. ಚಿಕ್ಕ ಮಕ್ಕಳಲ್ಲಿ ಅದರ ಗುರುತು ಗಂಟಲ್ಲ, ಮಚ್ಚೆ.

ಮಗನನ್ನು ಸ್ನಾನ ಮಾಡಿಸುವಾಗ ಹಗಲು ಬೆಳಕಿನಲ್ಲಿ ನೋಡಿ. ಹಾಲು ಜಾಸ್ತಿ ಹಾಕಿದ ಕಾಫಿಯ ಬಣ್ಣದ, ಅಂಚು ಸ್ಪಷ್ಟವಾಗಿರುವ, ಮುಟ್ಟಿದರೆ ಉಬ್ಬಿಲ್ಲದ ಮಚ್ಚೆಗಳು ಇವೆಯಾ? ಫ್ರೆಂಚರು ಅದಕ್ಕೆ ಹಾಲುಕಾಫಿ ಅಂತಲೇ ಹೆಸರಿಟ್ಟಿದ್ದಾರೆ. ಒಂದೆರಡು ಇದ್ದರೆ ಲೆಕ್ಕಕ್ಕಿಲ್ಲ, ಎಷ್ಟೋ ಮಕ್ಕಳಲ್ಲಿ ಇರುತ್ತದೆ. 5 ಮಿಲಿಮೀಟರಿಗಿಂತ ಅಗಲದವು, ಅಂದರೆ ಒಂದು ಕರಿಮೆಣಸಿನ ಕಾಳಿಗಿಂತ ದೊಡ್ಡವು, 6 ಅಥವಾ ಅದಕ್ಕಿಂತ ಹೆಚ್ಚಿದ್ದರೆ, ಇಲ್ಲವೇ ಕಂಕುಳಲ್ಲಿ, ತೊಡೆಸಂದಿಯಲ್ಲಿ ಎರಚಿದ ಹಾಗೆ ಸಣ್ಣ ಚುಕ್ಕೆಗಳಿದ್ದರೆ, ಮಕ್ಕಳ ಡಾಕ್ಟರಿಗೆ ತೋರಿಸಿ. ಅವರು ಕಣ್ಣಿನ ಡಾಕ್ಟರಿಗೂ ಕಳಿಸುತ್ತಾರೆ. ಹುಟ್ಟಿದಾಗಿನಿಂದ ಕುಂಡಿಯ ಮೇಲೆ, ಸೊಂಟದ ಹತ್ತಿರ ಇರುವ ನೀಲಿ ಮಚ್ಚೆ ಈ ಲೆಕ್ಕಕ್ಕೆ ಸೇರುವುದಿಲ್ಲ. ಅದು ನಮ್ಮ ಮಕ್ಕಳಲ್ಲಿ ಮಾಮೂಲು, ತಾನಾಗೇ ಮಾಸುತ್ತದೆ. ನೀವು ಬರೆದದ್ದರಲ್ಲಿ ಮಚ್ಚೆಯ ಸುದ್ದಿಯೇ ಇಲ್ಲ, ಹಾಗಾಗಿ ಹೆದರುವ ಕಾರಣವೂ ನನಗೆ ಕಾಣುವುದಿಲ್ಲ. ಐದು ನಿಮಿಷದ ಕೆಲಸ, ನೋಡಿ ಮುಗಿಸಿ.

ಮಾಡಿಸಬಾರದ್ದೂ ಇದೆ. ಯಾರಾದರೂ ಇಡೀ ಮೈ ಸ್ಕ್ಯಾನ್, ಕ್ಯಾನ್ಸರ್ ರಕ್ತಪರೀಕ್ಷೆ ಅಂತ ಬರೆದುಕೊಟ್ಟರೆ ‘ಇದರಿಂದ ಏನು ತೀರ್ಮಾನ ಆಗುತ್ತೆ’ ಅಂತ ಕೇಳಿ. ಈ ಗೆಡ್ಡೆಗೆ ರಕ್ತಪರೀಕ್ಷೆಯೇ ಇಲ್ಲ. ಕೀಮೋ, ರೇಡಿಯೇಷನ್ ಪ್ರಶ್ನೆಯೇ ಬರುವುದಿಲ್ಲ. ಎಂಆರ್‌ಐ ಒಳ್ಳೆಯದೇ, ಆದರೆ 4 ವರ್ಷದ ಹುಡುಗ ಆ ಡಬ್ಬಿಯೊಳಗೆ ಅಲ್ಲಾಡದೆ ಮಲಗುತ್ತಾನಾ? ನಿದ್ದೆ ಮದ್ದು ಕೊಡಬೇಕು. ಮತ್ತೆ ಆಪರೇಷನ್ ಅಂತ ನಿಜಕ್ಕೂ ನಿಶ್ಚಯ ಆದರೆ ಆಗ ಮಾಡಿಸಿದರಾಯಿತು. ಅಲ್ಲಿಯ ತನಕ ಬೆರಳಿನ ಅಲ್ಟ್ರಾಸೌಂಡ್ ಸಾಕು. ನೋವಿಲ್ಲ, ಅಮ್ಮನ ತೊಡೆಯ ಮೇಲೆ ಕೂತೇ ಆಗುತ್ತದೆ.

ಅತ್ತೆಯವರಿಗೆ ತೋರಿಸಲು ಒಂದು ಉಪಾಯ ಹೇಳ್ತೀನಿ. ಚಿಕ್ಕ ಮಕ್ಕಳಿಗೆ ‘ಬೆರಳು ಜೋಮು ಇದೆಯಾ’ ಅಂತ ಕೇಳಿದರೆ ಇದೆ ಅಂತಲೂ ಹೇಳುತ್ತಾರೆ, ಇಲ್ಲ ಅಂತಲೂ ಹೇಳುತ್ತಾರೆ. ಕೇಳಿ ಪ್ರಯೋಜನ ಇಲ್ಲ. ಗಾಯ ಪೂರ್ತಿ ಮಾಗಿದ ಮೇಲೆ, ಉಗುರುಬೆಚ್ಚಗಿನ ನೀರಿನಲ್ಲಿ ಎರಡೂ ಕೈಯನ್ನು ಅರ್ಧ ಗಂಟೆ ಇಡಿಸಿ. ನೀರಿಗೆ ಎರಡು ಪ್ಲಾಸ್ಟಿಕ್ ಬಾತುಕೋಳಿ ಬಿಟ್ಟರೆ ಅವನೇ ಕೂರುತ್ತಾನೆ. ಆಮೇಲೆ ಬೆರಳ ತುದಿ ನೋಡಿ. ನೀರಿನಲ್ಲಿ ನೆನೆದ ಬೆರಳು ಸುಕ್ಕುಗಟ್ಟುವುದು ಚರ್ಮ ನೆಂದು ಉಬ್ಬಿದ್ದಕ್ಕೆ ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಅದನ್ನು ಮಾಡಿಸುವುದು ನರ. ನರ ಕಡಿದುಹೋದ ಬೆರಳು ಎಷ್ಟು ಹೊತ್ತು ನೆನೆದರೂ ನುಣ್ಣಗೇ ಇರುತ್ತದೆ. ತೋರುಬೆರಳು ಉಳಿದ ಬೆರಳುಗಳ ಹಾಗೇ ಸುಕ್ಕಾದರೆ ಅದರ ನರ ನೆಟ್ಟಗಿದೆ. ಕಲೆಯ ಮೇಲಷ್ಟೇ ನುಣುಪು ಇದ್ದರೆ ಚಿಂತೆ ಬೇಡ, ಅಲ್ಲಿನ ಕೂದಲೆಳೆ ನರಗಳು ಗಂಟಿನ ಜೊತೆ ಹೋಗಿವೆ, ನಿಧಾನವಾಗಿ ಅಕ್ಕಪಕ್ಕದವು ಒಂದಿಷ್ಟು ತುಂಬಿಕೊಡುತ್ತವೆ. ಒಂದು ಪಕ್ಕ ಪೂರ್ತಿ ನುಣ್ಣಗಿದ್ದರೆ ಮಾತ್ರ ಸರ್ಜನ್‌ಗೆ ತೋರಿಸಿ.

ಮಳೆಗಾಲದ ಜಾಗ್ರತೆ ನಿಮಗೇ ಗೊತ್ತಿರುತ್ತದೆ. ಒದ್ದೆ ಬ್ಯಾಂಡೇಜ್ ಬೆರಳ ಮೇಲೆ ಉಳಿಯಬಾರದು, ಅಷ್ಟೇ. ನೆಂದ ಕೂಡಲೇ ಬಿಚ್ಚಿ ಒಣಗಿಸಿ. ಆಗಸ್ಟ್ 3ಕ್ಕೆ ಕಕ್ಕಡ ಪದಿನೆಟ್ಟ್, ಅಂದರೆ ಕೊಡವರ ಕಕ್ಕಡ ತಿಂಗಳ 18ನೇ ದಿನ, ಬರುತ್ತದೆ, ಮನೆಯಲ್ಲಿ ಮದ್ದುಸೊಪ್ಪಿನ ಪಾಯಸ ಮಾಡುವ ಪದ್ಧತಿ ಇದ್ದರೆ ಮಗನಿಗೂ ಒಂದು ಚಮಚ ಕೊಡಿ, ಬೇಡ ಅನ್ನುವುದಿಲ್ಲ. ಅರೆದು ಬೆರಳಿಗೆ ಕಟ್ಟಬೇಡಿ. ಮರುದಿನ ಆ ಸೊಪ್ಪಿನ ಬಣ್ಣಕ್ಕೆ ಮೂತ್ರ ಕೆಂಪಾಯಿತು ಅಂತ ಗಾಬರಿಯಾಗಿ ನನಗೆ ಬರೆಯಲೂ ಬೇಡಿ.

ಖರ್ಚಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳ್ತೀನಿ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆಗೆ ಅವಕಾಶ ಇದೆ. ಆಪರೇಷನ್ ಅಂತ ಆದರೆ ಮೊದಲು ಸರ್ಕಾರಿ ಆಸ್ಪತ್ರೆಯ ಆರೋಗ್ಯಮಿತ್ರ ಕೌಂಟರಿನಲ್ಲಿ ವಿಚಾರಿಸಿ. ಖಾಸಗಿ ಆಸ್ಪತ್ರೆಗೆ ಹೋಗಿ ಬಿಲ್ ಕಟ್ಟಿ ಆಮೇಲೆ ಕೇಳಿದರೆ ಹಣ ವಾಪಸ್ ಬರುವುದು ಕಷ್ಟ.

ಇನ್ನು ಮುಂದಿನ ದಿನಗಳಿಗೆ ಹೀಗೆ ಇಟ್ಟುಕೊಳ್ಳಿ. ಗಾಯ ಮಾಗಿದ ದಿನ ಬೆರಳಿನ ಒಂದು ಫೋಟೊ ತೆಗೆಯಿರಿ, ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟು. ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬದ ಹೊತ್ತಿಗೆ ಇನ್ನೊಂದು, ಅದೇ ನಾಣ್ಯ, ಅದೇ ಕಿಟಕಿಯ ಬೆಳಕು. ಅಷ್ಟರಲ್ಲಿ ನಿಮ್ಮ ದಿನ ತುಂಬುತ್ತಾ ಬರುತ್ತದೆ, ಮಗನನ್ನು ಕರೆದುಕೊಂಡು ದೂರ ಹೋಗುವ ಯೋಚನೆ ಬೇಡ. ಹೆರಿಗೆ ಆಗಿ, ನವೆಂಬರ್-ಡಿಸೆಂಬರಿನ ಸುಗ್ಗಿ ಹಬ್ಬ ಪುತ್ತರಿ ಕಳೆದು, ಘಾಟಿ ರಸ್ತೆ ಒಣಗಿದ ಮೇಲೆ ಸರ್ಜನ್ ಹತ್ತಿರ ಹೋಗಿ. ಬ್ಲಾಕಿನ ಹೊಸ ರಿಪೋರ್ಟ್, ಎರಡು ಫೋಟೊ, ಹಳೇ ರಿಪೋರ್ಟ್ ಜೊತೆಗಿರಲಿ. ಆಮೇಲೆ ಮೊದಲ ಎರಡು ವರ್ಷ ಆರು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಬೆರಳು ಮುಟ್ಟಿ ನೋಡಿಸಿ. ಇದು ಎಷ್ಟೋ ವರ್ಷ ಬಿಟ್ಟೂ ತಲೆ ಎತ್ತುವ ಗೆಡ್ಡೆ, ಆದ್ದರಿಂದ ಬ್ಲಾಕನ್ನು ಎಸೆಯಬೇಡಿ. ನಡುವೆ ಗಂಟು ವಾರ ವಾರಕ್ಕೆ ದೊಡ್ಡದಾದರೆ, ಹುಣ್ಣಾದರೆ, ರಾತ್ರಿ ನೋವಿಗೆ ಮಗು ಎದ್ದು ಅತ್ತರೆ, ಪುತ್ತರಿಗೆ ಕಾಯಬೇಡಿ, ಮಳೆಯಾದರೂ ಹೊರಡಿ.

ಸ್ಲೈಡ್ ನೋಡಿದವರು ಎಸ್-100 ಬಗ್ಗೆ ಏನಂದರು ಅಂತ ಒಂದು ಸಾಲು ಬರೆಯಿರಿ. ಅಂಚಿನ ಪ್ರಶ್ನೆಗೆ ಆಗ ಇನ್ನೊಮ್ಮೆ ಕೂತು ಉತ್ತರ ಬರೆಯುತ್ತೇನೆ.